ಗಿಡಕ್ಕೆ ಯಾವ ನೀರು? ಕೈತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬೆಂಗಳೂರಿನ 30×40 ಸೈಟಿನ ಮನೆ. ತಾರಸಿ ಮೇಲೆ 60ಕ್ಕೂ ಜಾಸ್ತಿ ಕುಂಡಗಳಿವೆ. ಮಲ್ಲಿಗೆ, ದಾಸವಾಳ, ಕರಿಬೇವು, ಬದನೆ, ಸೊಪ್ಪು, ಒಂದು ನಿಂಬೆ. ನೀರು ಮಾತ್ರ ಹಲವು ಥರದ್ದು. ವಾರಕ್ಕೆ ಎರಡು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್, ಮಳೆಗಾಲದಲ್ಲಿ ಡ್ರಮ್ಮಿನ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಒಂದೇ ಗಿಡ ಒಂದೊಂದು ನೀರಿಗೆ ಒಂದೊಂದು ರೀತಿ ಸ್ಪಂದಿಸುವುದನ್ನು 12 ವರ್ಷದಿಂದ ನೋಡುತ್ತಿದ್ದೇನೆ. ಅಕ್ಕಪಕ್ಕದವರು, ನೆಂಟರು, ನರ್ಸರಿಯಲ್ಲಿ ಸಿಕ್ಕವರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ನೀರು ನೀರೇ ಅಲ್ವಾ? ಯಾವುದು ಹಾಕಿದರೇನು?

ಒಂದು ದಿನದ ಲೆಕ್ಕಕ್ಕೆ ಹೌದು. ಬಾಡಿದ ಗಿಡಕ್ಕೆ ಯಾವ ನೀರು ಹಾಕಿದರೂ ತಲೆ ಎತ್ತುತ್ತದೆ. ವ್ಯತ್ಯಾಸ ಗೊತ್ತಾಗುವುದು ತಿಂಗಳುಗಳ ಮೇಲೆ.

ನೀರು ಒಂಟಿಯಾಗಿ ಬರುವುದಿಲ್ಲ. ಬಂಡೆ, ಮಣ್ಣಿನ ನಡುವೆ ಹರಿದು ಬಂದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಬೈಕಾರ್ಬೊನೇಟ್, ಕ್ಲೋರೈಡ್ ಎಲ್ಲ ಕರಗಿರುತ್ತವೆ. ಗಿಡ ನೀರು ಹೀರಿಕೊಂಡು ಎಲೆಯಿಂದ ಆವಿ ಮಾಡಿ ಬಿಡುತ್ತದೆ. ಕರಗಿದ ಲವಣದಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮಿಕ್ಕಿದ್ದು ಕುಂಡದಲ್ಲೇ ಕೂರುತ್ತದೆ.

ಲೆಕ್ಕ ಹಾಕಿ ನೋಡಿ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಳತೆ) 800ರ ಹತ್ತಿರ ಇದೆ. ಅಂದರೆ ಲೀಟರಿಗೆ 800 ಮಿಲಿಗ್ರಾಂ. ದಿನಕ್ಕೆ ಒಂದು ಲೀಟರ್ ಕುಡಿಯುವ ದಾಸವಾಳದ ಕುಂಡಕ್ಕೆ ತಿಂಗಳಿಗೆ 24 ಗ್ರಾಂ ಲವಣ ಹೋಯಿತು. ವರ್ಷಕ್ಕೆ ಕಾಲು ಕಿಲೋಗಿಂತ ಜಾಸ್ತಿ. ನೆಲದಲ್ಲಿ ಬೆಳೆದ ಗಿಡವಾದರೆ ಮಳೆ ಬಂದಾಗ ಇದು ಕೆಳಗೆ ಇಳಿದು ಹೋಗುತ್ತದೆ. 10 ಲೀಟರಿನ ಕುಂಡದಲ್ಲಿ, ಅದೂ ಮಳೆ ಬೀಳದ ಬಾಲ್ಕನಿಯಲ್ಲಿ, ಅದು ಹೋಗುವುದಾದರೂ ಎಲ್ಲಿಗೆ? ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಒಂದು ಮಳೆ ಬಿದ್ದರೆ ಸಾಕು, ಮರುದಿನ ಗಿಡ ನಳನಳಿಸುತ್ತದೆ. ನಾನು ದಿನಾ ನೀರು ಹಾಕಿದರೂ ಹಾಗಾಗಲ್ಲ. ಯಾಕೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಇದಕ್ಕೆ ಒಂದೇ ಕಾರಣ ಅಂತಿಲ್ಲ.

ಮೊದಲನೆಯದು, ಮಳೆ ನೀರಿನಲ್ಲಿ ಲವಣ ತೀರಾ ಕಮ್ಮಿ. ಹಾಗಾಗಿ ಅದು ಕುಂಡದಲ್ಲಿ ಹೊಸದಾಗಿ ಏನನ್ನೂ ಕೂಡಿಡುವುದಿಲ್ಲ. ಮೊದಲೇ ಕೂತಿದ್ದನ್ನು ಕರಗಿಸಿ ತಳದ ತೂತಿನಿಂದ ಹೊರಗೆ ಕೊಂಡೊಯ್ಯುತ್ತದೆ. ನಾವು ಒಂದು ಮಗ್ ನೀರು ಹಾಕಿ ಮುಂದಿನ ಕುಂಡಕ್ಕೆ ಹೋಗುತ್ತೇವೆ. ಮಳೆ ಗಂಟೆಗಟ್ಟಲೆ ನಿಧಾನವಾಗಿ ಸುರಿದು ಮೂಲೆ ಮೂಲೆಯ ಬೇರನ್ನೂ ನೆನೆಸುತ್ತದೆ.

ಎರಡನೆಯದು, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಶುದ್ಧ ಮಳೆಯ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ) ಸುಮಾರು 5.6 ಇರುತ್ತದೆ. ಅಂದರೆ ಸ್ವಲ್ಪ ಹುಳಿ. ಬೋರ್‌ವೆಲ್ ನೀರು ಸಾಮಾನ್ಯವಾಗಿ 7ರ ಮೇಲೆಯೇ. ಕಬ್ಬಿಣದಂಥ ಪೋಷಕಾಂಶಗಳು ಹುಳಿ ಇದ್ದಾಗ ಬೇರಿಗೆ ಸುಲಭವಾಗಿ ಸಿಗುತ್ತವೆ.

ಎಲೆ ಮೇಲಿನ ಧೂಳೂ ತೊಳೆದು ಹೋಗುತ್ತದೆ. ರಸ್ತೆ ಬದಿಯ ಮನೆಗಳಲ್ಲಿ ಇದೇ ದೊಡ್ಡ ವಿಷಯ, ಯಾಕೆಂದರೆ ಧೂಳು ಕೂತ ಎಲೆಗೆ ಬೆಳಕು ಸರಿಯಾಗಿ ತಾಗುವುದಿಲ್ಲ. ಮಳೆ ದಿನ ಗಾಳಿಯೂ ತಂಪು, ಎಲೆಯಿಂದ ನೀರು ಆವಿಯಾಗುವುದು ಕಮ್ಮಿ. ಇನ್ನು ಮಿಂಚಿನ ಮಾತು. ಗಾಳಿಯ ಸಾರಜನಕ ಮಿಂಚಿಗೆ ನೈಟ್ರೇಟ್ ಆಗಿ ಮಳೆಯಲ್ಲಿ ಇಳಿಯುವುದು ನಿಜ. ಆದರೆ ಅದರ ಪ್ರಮಾಣ ಸಣ್ಣದು. ಒಂದು ಮಳೆಯ ಹಸಿರಿಗೆಲ್ಲ ಮಿಂಚೇ ಕಾರಣ ಅನ್ನುವುದು ಅತಿಯಾಯಿತು.

ಗಿಡಕ್ಕೆ ಅಂತ ಮಳೆ ನೀರು ಹಿಡಿದಿಡೋದು ಹೇಗೆ?

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 1,200 ಚದರಡಿ ಅಂದರೆ ಸುಮಾರು 111 ಚದರ ಮೀಟರ್. ಅಷ್ಟೂ ತಾರಸಿಯಾಗಿದ್ದರೆ 10 ಮಿಲಿಮೀಟರಿನ ಒಂದು ಸಾಧಾರಣ ಮಳೆಗೆ 1,100 ಲೀಟರ್. ಅಲ್ಲಿ ಇಲ್ಲಿ ಹೋಗಿದ್ದು ಕಳೆದರೂ 900 ಲೀಟರಿಗೆ ಮೋಸವಿಲ್ಲ. ಒಂದು 200 ಲೀಟರಿನ ಡ್ರಮ್ ಇಟ್ಟವರಿಗೆ ಅದು ಮೊದಲ ಹತ್ತು ನಿಮಿಷದಲ್ಲೇ ತುಂಬುವುದು ನೋಡಿ ಆಶ್ಚರ್ಯವಾಗುತ್ತದೆ.

ಬೇಸಿಗೆ ಕಳೆದ ಮೇಲಿನ ಮೊದಲ ಮಳೆಯನ್ನು ಬಿಟ್ಟುಬಿಡಿ. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲಿ ಬರುತ್ತದೆ. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಕಟ್ಟಿ, ಮೇಲೆ ಮುಚ್ಚಳ ಹಾಕಿ. ಸೊಳ್ಳೆ ಮೊಟ್ಟೆ ಇಡಬಾರದು.

ಕಾವೇರಿ ನೀರಿನ ಕ್ಲೋರಿನ್ ಗಿಡಕ್ಕೆ ವಿಷ ಅಂತಾರೆ. ನಿಜವೇ?

ಹೆದರುವಷ್ಟೇನಿಲ್ಲ. ಕುಡಿಯುವ ನೀರಿನ ಮಾನದಂಡದ ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆ ಮಟ್ಟಕ್ಕೆ ಬೇರು ಸುಡುವುದಿಲ್ಲ. ಮಣ್ಣಿಗೆ ತಾಗಿದ ಕೂಡಲೇ ಅದರ ಶಕ್ತಿ ಹೋಗುತ್ತದೆ. ವಾಸನೆ ಗಾಢವಾಗಿದ್ದರೆ ಬಕೆಟ್ಟಿನಲ್ಲಿ ರಾತ್ರಿಯಿಡೀ ತೆರೆದಿಟ್ಟು ಬೆಳಿಗ್ಗೆ ಹಾಕಿ.

ನನ್ನ ತಕರಾರು ಬೇರೆ. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪ್ ಮಾಡಿ ಮೇಲೆತ್ತಿಸಿಕೊಂಡು ನಮ್ಮ ನಲ್ಲಿಗೆ ಬರುತ್ತಾಳೆ. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲಿಕ್ಕೆ ಬಳಸುವಂತಿಲ್ಲ ಎಂದು ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತು. ಆ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವರನ್ನು ನೋಡಿದ ಮೇಲೆ ಗಿಡಕ್ಕೆ ಆ ನೀರು ಹಾಕಲು ನನಗೆ ಮನಸ್ಸೇ ಬರುವುದಿಲ್ಲ. ಅಕ್ಕಿ, ತರಕಾರಿ ತೊಳೆದು ಎರಡನೇ ಸಲ ಬಳಸುವುದಾದರೆ ಸರಿ.

ಬೋರ್‌ವೆಲ್ ನೀರು ಹಾಕಿದಾಗಿನಿಂದ ದಾಸವಾಳದ ಹೊಸ ಎಲೆ ಹಳದಿಯಾಗ್ತಿದೆ. ಗೊಬ್ಬರ ಸಾಲದೇ?

ಮೊದಲು ಎಲೆ ನೋಡಿ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ, ಗೊಬ್ಬರ ಬೇಕು. ತುದಿಯ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಬಲೆಯ ಹಾಗೆ ಕಂಡರೆ ಅದು ಕಬ್ಬಿಣದ ಕೊರತೆ. ಗಡಸು ನೀರಿನ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಎರಡನೆಯದೇ.

ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಆದರೆ ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಮಣ್ಣಿನ ಪಿಎಚ್ ಅನ್ನು ಮೇಲೇರಿಸುತ್ತಾ ಹೋಗುತ್ತದೆ. ಪಿಎಚ್ 7.5 ದಾಟಿದರೆ ಕಬ್ಬಿಣ ಕರಗುವುದಿಲ್ಲ, ಕರಗದ್ದನ್ನು ಬೇರು ಹೀರುವುದಿಲ್ಲ. ಉಗ್ರಾಣದ ತುಂಬ ಅಕ್ಕಿ ಇದ್ದು ಬೀಗದ ಕೈ ಕಳೆದ ಹಾಗೆ. ಇಂಥ ಕುಂಡಕ್ಕೆ ಗೊಬ್ಬರ ಸುರಿದರೆ ಲವಣ ಇನ್ನೂ ಜಾಸ್ತಿಯಾಗಿ ಗಿಡ ಸೋಲುತ್ತದೆ. ನಮ್ಮ ಮಲ್ಲಿಗೆಗೆ ನಾನು ಎರಡು ವರ್ಷ ಇದನ್ನೇ ಮಾಡಿದ್ದೆ.

ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದು ನಮ್ಮ ಕಡೆ ಹಳೇ ರೂಢಿ. ಮಜ್ಜಿಗೆಯ ಹುಳಿ ಬೈಕಾರ್ಬೊನೇಟನ್ನು ಸ್ವಲ್ಪ ಮಟ್ಟಿಗೆ ತಟಸ್ಥಗೊಳಿಸುತ್ತದೆ. ಉಪ್ಪು ಹಾಕದ ಮಜ್ಜಿಗೆ ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ 15 ದಿನಕ್ಕೊಮ್ಮೆ ಹಾಕಿ. ಗಟ್ಟಿ ಮಜ್ಜಿಗೆ ಸುರಿದರೆ ವಾಸನೆ, ಇರುವೆ. ಗಿಡ ತೀರಾ ಸೊರಗಿದ್ದರೆ ಗೊಬ್ಬರದ ಅಂಗಡಿಯಲ್ಲಿ ಚೀಲೇಟೆಡ್ ಕಬ್ಬಿಣ (ಬೇರಿಗೆ ಸಿಗುವ ರೂಪದಲ್ಲಿ ಉಳಿಯುವ ಕಬ್ಬಿಣ) ಕೇಳಿ. ಅದರಲ್ಲಿ ಹಲವು ಬಗೆ ಇವೆ. ಇಡಿಟಿಎ ಅನ್ನುವುದು ಪಿಎಚ್ ಏರಿದ ಮಣ್ಣಿನಲ್ಲಿ ಬೇಗ ಸೋಲುತ್ತದೆ, ಇಡಿಡಿಎಚ್‌ಎ ಅನ್ನುವುದು ಹೆಚ್ಚಿನ ಪಿಎಚ್‌ನಲ್ಲೂ ಕೆಲಸ ಮಾಡುತ್ತದೆ. ಪೊಟ್ಟಣದ ಮೇಲೆ ಓದಿ ತಗೊಳ್ಳಿ. ಈಗಾಗಲೇ ಹಳದಿಯಾದ ಎಲೆಯನ್ನು ಕಾಯಬೇಡಿ. ಮುಂದೆ ಬರುವ ಚಿಗುರು ಹಸಿರಾದರೆ ಔಷಧಿ ತಾಗಿದೆ ಎಂದರ್ಥ.

ಮಣ್ಣಿನ ಕುಂಡದ ಹೊರಗೆ ಬಿಳಿ ಪದರ ಕೂತಿದೆ. ಬೂಷ್ಟಾ?

ಉಗುರಿನಿಂದ ಕೆರೆದು ನೋಡಿ. ಪುಡಿಪುಡಿಯಾಗಿ, ಸೀಮೆಸುಣ್ಣದಂತೆ ಉದುರಿದರೆ ಲವಣ. ಹತ್ತಿಯ ಹಾಗೆ ಮೆತ್ತಗಿದ್ದರೆ ಬೂಷ್ಟು. ಮಣ್ಣಿನ ಕುಂಡದ ಗೋಡೆ ನೀರನ್ನು ಜಿನುಗಿಸುತ್ತದೆ. ನೀರು ಆರಿ ಹೋದ ಜಾಗದಲ್ಲಿ ಲವಣ ಪದರವಾಗಿ ನಿಲ್ಲುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಇದು ಹೊರಗೆ ಕಾಣುವುದಿಲ್ಲ, ಪೂರ್ತಿ ಮಣ್ಣಿನಲ್ಲೇ ಸೇರಿರುತ್ತದೆ. ಹಾಗಾಗಿ ಬಿಳಿ ಗೆರೆ ಕಂಡರೆ ಅದನ್ನು ಮುನ್ಸೂಚನೆ ಅಂತ ತಿಳಿಯಿರಿ.

ಪರಿಹಾರ ಸುಲಭ, ತಾಳ್ಮೆ ಬೇಕು ಅಷ್ಟೆ. ಎರಡು ಮೂರು ತಿಂಗಳಿಗೊಮ್ಮೆ ಕುಂಡದ ಎರಡರಷ್ಟು ನೀರನ್ನು ನಿಧಾನವಾಗಿ ಹರಿಸಿ. 10 ಲೀಟರಿನ ಕುಂಡಕ್ಕೆ 20 ಲೀಟರ್. ಮಳೆ ನೀರಾದರೆ ಒಳ್ಳೆಯದು. ಇಲ್ಲದಿದ್ದರೆ ಬೋರ್‌ವೆಲ್ ನೀರೂ ಆಗುತ್ತದೆ, ಯಾಕೆಂದರೆ ಕುಂಡದೊಳಗಿನ ಲವಣ ಅದಕ್ಕಿಂತ ಎಷ್ಟೋ ಪಟ್ಟು ಗಾಢವಾಗಿರುತ್ತದೆ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಬಿಟ್ಟರೆ ಅದೇ ಮತ್ತೆ ಮೇಲೇರುತ್ತದೆ. ಎಲ್ಲಕ್ಕಿಂತ ಸುಲಭ ದಾರಿ, ಜೋರು ಮಳೆ ಬಂದ ದಿನ ಬಾಲ್ಕನಿಯ ಕುಂಡಗಳನ್ನು ತಾರಸಿಗೆ ಸಾಗಿಸಿ ನೆನೆಯಲು ಬಿಡುವುದು. ಆಮೇಲೆ ಒಂದು ಹಿಡಿ ಎರೆಗೊಬ್ಬರ ಹಾಕಿ, ಯಾಕೆಂದರೆ ಲವಣದ ಜೊತೆ ಪೋಷಕಾಂಶವೂ ಸ್ವಲ್ಪ ಹೋಗಿರುತ್ತದೆ.

ಕುಂಡದಲ್ಲಿ ಆಗುವುದೇ ಹೊಲದಲ್ಲೂ ಆಗಿದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರನ್ನು ಕೇಳಿ, ‘ಸವಳು-ಜವಳು’ ಅನ್ನುವ ಮಾತು ಅವರ ಬಾಯಲ್ಲೇ ಇದೆ. ಕಾಲುವೆ ನೀರೇನೋ ಸಿಹಿಯೇ. ಆದರೆ ಕಪ್ಪು ಮಣ್ಣಿನಲ್ಲಿ ಬಸಿದು ಹೋಗಲು ದಾರಿಯಿಲ್ಲದೆ ವರ್ಷಗಟ್ಟಲೆ ನೀರು ನಿಲ್ಲಿಸಿದ್ದಕ್ಕೆ ಅಂತರ್ಜಲ ಮೇಲೆ ಬಂತು, ಜೊತೆಗೆ ಲವಣವೂ ಮೇಲೆ ಬಂದು ಹೊಲ ಬೆಳ್ಳಗಾಯಿತು. ಕೆಳಗೆ ತೂತಿಲ್ಲದ ಅಲಂಕಾರದ ಕುಂಡ ಕೊಳ್ಳುವಾಗ ಇದು ನೆನಪಿರಲಿ.

ಮಣ್ಣು ಒದ್ದೆ ಇದೆ, ಆದರೂ ಗಿಡ ಬಾಡಿದೆ. ಉಪ್ಪಿನಿಂದ ಹಾಗಾಗುತ್ತಾ?

ಆಗುತ್ತದೆ. ಮಿಡಿ ಉಪ್ಪಿನಕಾಯಿ ಹಾಕುವಾಗ ನೋಡಿದ್ದೀರಲ್ಲ? ಗಟ್ಟಿಯಾದ ಮಾವಿನ ಮಿಡಿಗೆ ಉಪ್ಪು ಹಾಕಿ ಜಾಡಿಯಲ್ಲಿಟ್ಟರೆ ನಾಲ್ಕೈದು ದಿನಕ್ಕೆ ಮಿಡಿ ಸುಕ್ಕುಗಟ್ಟಿ ಜಾಡಿಯ ತುಂಬ ನೀರು ನಿಂತಿರುತ್ತದೆ. ನೀರು ಯಾವಾಗಲೂ ಉಪ್ಪು ಜಾಸ್ತಿ ಇರುವ ಕಡೆಗೆ ಎಳೆಯಲ್ಪಡುತ್ತದೆ. ಕುಂಡದ ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರಿಗೂ ಅದೇ ಗತಿ. ಸುತ್ತ ನೀರಿದ್ದರೂ ಎಳೆದುಕೊಳ್ಳಲು ಆಗುವುದಿಲ್ಲ. ಎಲೆಯ ತುದಿ, ಅಂಚು ಕಂದಾಗಿ ಒಣಗುವುದು ಇದರ ಮೊದಲ ಗುರುತು.

ಬೇರು ಕೊಳೆತರೂ ಹೀಗೇ ಬಾಡುತ್ತದೆ. ಅನುಮಾನ ಬಂದರೆ ಗಿಡ ಎತ್ತಿ ಬೇರು ನೋಡಿ. ಕಪ್ಪಾಗಿ, ಲೋಳೆಯಾಗಿ, ನಾರುತ್ತಿದ್ದರೆ ಕೊಳೆತಿದೆ.

ಟಿಡಿಎಸ್ ಎಷ್ಟಿದ್ದರೆ ಪರವಾಗಿಲ್ಲ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೀರಾವರಿಗೆ ಕೊಟ್ಟ ಅಳತೆ ಇದು: ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, 450ರಿಂದ 2,000 ತನಕ ಎಚ್ಚರ ಬೇಕು, 2,000 ದಾಟಿದರೆ ಕಷ್ಟ. ಇದು ಹೊಲದ ಲೆಕ್ಕ. ಕುಂಡಕ್ಕೆ ಇನ್ನೂ ಸ್ವಲ್ಪ ಬಿಗಿ ಹಿಡಿಯುವುದು ಒಳ್ಳೆಯದು.

ಗಿಡದ ಮೇಲೂ ಹೋಗುತ್ತದೆ. ಬೀನ್ಸ್, ಕ್ಯಾರೆಟ್, ಈರುಳ್ಳಿ, ಸ್ಟ್ರಾಬೆರಿಗೆ ಉಪ್ಪು ತಡೆಯುವ ಶಕ್ತಿ ಕಮ್ಮಿ. ಟೊಮೆಟೊ, ಪಾಲಕ್ ನಡುವಿನವು. ಬೀಟ್‌ರೂಟ್, ತೆಂಗು, ಖರ್ಜೂರ ತಡೆದುಕೊಳ್ಳುತ್ತವೆ. ಇನ್ನೊಂದು ಮಾತು, ಪೆನ್ನಿನಂಥ ಟಿಡಿಎಸ್ ಮೀಟರ್ ಒಟ್ಟು ಲವಣ ಎಷ್ಟು ಅನ್ನುತ್ತದೆಯೇ ಹೊರತು ಯಾವ ಲವಣ ಅನ್ನುವುದಿಲ್ಲ. ಸುಣ್ಣದಂಶದ 600 ಮತ್ತು ಸೋಡಿಯಂನ 600 ಗಿಡಕ್ಕೆ ಒಂದೇ ಅಲ್ಲ. ಎರಡನೆಯದು ಹೆಚ್ಚು ಕೆಟ್ಟದ್ದು.

ಆರ್‌ಒ ಫಿಲ್ಟರಿನ ವೇಸ್ಟ್ ನೀರು ಹಾಕಬಹುದಾ?

ಒಳಗೆ ಹೋಗುವ ನೀರು ಹೇಗಿದೆ ನೋಡಿ. ನಾಲ್ಕು ಲೀಟರ್ ಹೋಗಿ ಒಂದು ಲೀಟರ್ ಕುಡಿಯಲು, ಮೂರು ಲೀಟರ್ ಹೊರಗೆ ಬಂತು ಅಂತಿಟ್ಟುಕೊಳ್ಳಿ. ನಾಲ್ಕು ಲೀಟರಿನ ಲವಣ ಹೆಚ್ಚುಕಮ್ಮಿ ಪೂರ್ತಿ ಆ ಮೂರು ಲೀಟರಿನಲ್ಲಿ ಇರುತ್ತದೆ. 300 ಇದ್ದದ್ದು 400ರ ಹತ್ತಿರ ಆಗುತ್ತದೆ, ಅದನ್ನು ಧಾರಾಳವಾಗಿ ಹಾಕಿ. 900 ಇದ್ದದ್ದು 1,200ಕ್ಕೆ ಹೋಗುತ್ತದೆ, ಅದನ್ನು ನೆಲ ಒರೆಸಲು ಬಳಸಿ ಅಥವಾ ಮಳೆ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ.

ವಾಟರ್ ಸಾಫ್ಟನರ್ ಹಾಕಿಸಿದ್ದೇವೆ. ಈಗ ನೀರು ಮೆದು. ಗಿಡಕ್ಕೆ ಒಳ್ಳೆಯದಲ್ವಾ?

ಇಲ್ಲ, ದಯವಿಟ್ಟು ಹಾಕಬೇಡಿ. ಸಾಫ್ಟನರ್ ಲವಣವನ್ನು ತೆಗೆಯುವುದಿಲ್ಲ, ಬದಲಾಯಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಸೋಪು ನೊರೆ ಬರುತ್ತದೆ, ಗೀಸರಿಗೂ ಒಳ್ಳೆಯದು. ಗಿಡಕ್ಕೆ ಬೇಕಾದ ಎರಡು ಹೋಗಿ ಬೇಡದ ಒಂದು ಬಂದಂತಾಯಿತು. ಸೋಡಿಯಂ ಜಾಸ್ತಿಯಾದರೆ ಮಣ್ಣಿನ ಹರಳು ಒಡೆದು ಮೇಲ್ಭಾಗ ಹಪ್ಪಳದಂತೆ ಗಟ್ಟಿಯಾಗುತ್ತದೆ, ನೀರು ಇಳಿಯುವುದಿಲ್ಲ. ಮೆಷಿನ್ ತೊಳೆದಾಗ ಹೊರಬರುವ ಉಪ್ಪು ನೀರಂತೂ ಗಿಡದ ಹತ್ತಿರವೂ ಹರಿಯಬಾರದು. ಸಾಫ್ಟನರಿಗೆ ಮುಂಚೆ ಒಂದು ನಲ್ಲಿ ಬಿಡಿಸಿ, ಪ್ಲಂಬರಿಗೆ ಅರ್ಧ ದಿನದ ಕೆಲಸ.

ಎಸಿಯಿಂದ ತೊಟ್ಟಿಕ್ಕುವ ನೀರು?

ಗಾಳಿಯ ತೇವ ತಣ್ಣಗಾಗಿ ಹನಿಗಟ್ಟಿದ್ದು ಅದು, ಲವಣ ಇರುವುದಿಲ್ಲ. ಹಾಕಬಹುದು. ಅದರಲ್ಲಿ ಪೋಷಕಾಂಶವೂ ಇಲ್ಲ, ಅದಕ್ಕೆ ಗೊಬ್ಬರ ಮರೆಯಬೇಡಿ. ಬೋರ್‌ವೆಲ್ ನೀರಿಗೆ ಬೆರೆಸಲು ಇದು ಬಹಳ ಒಳ್ಳೆಯದು.

ಅಕ್ಕಿ ತೊಳೆದ ನೀರು ಗೊಬ್ಬರದ ಸಮ ಅಂತಾರೆ. ಹೌದಾ?

ನಮ್ಮಜ್ಜಿ ಮನೆಯಲ್ಲಿ ಅಕ್ಕಚ್ಚು ಹಸುವಿಗೆ ಹೋಗುತ್ತಿತ್ತು. ಹಸು ಇಲ್ಲದ ಮನೆಯಲ್ಲಿ ಗಿಡಕ್ಕೆ ಹೋಗಲಿ. ಪಿಷ್ಟ, ಸ್ವಲ್ಪ ಪೊಟ್ಯಾಶಿಯಂ, ರಂಜಕ ಇರುತ್ತವೆ. ಗೊಬ್ಬರದ ಬದಲಿಗೆ ಸಾಲುವಷ್ಟಿಲ್ಲ, ಆದರೆ ನೀರು ಹಾಕುವುದೇ ಆದರೆ ಇದು ಒಳ್ಳೆ ನೀರು. ತೊಳೆದ ದಿನವೇ ಹಾಕಿ. ಒಂದೇ ಕುಂಡಕ್ಕೆ ದಿನಾ ಹಾಕಿದರೆ ಮಣ್ಣು ಹುಳಿತು ಸಣ್ಣ ನೊಣ ಏಳುತ್ತವೆ, ಅದಕ್ಕೆ ಸರದಿಯಲ್ಲಿ ಹಾಕಿ. ಬೇಳೆ, ತರಕಾರಿ ಬೇಯಿಸಿದ ನೀರೂ ಆಗಬಹುದು, ಉಪ್ಪು ಹಾಕಿರಬಾರದು. ತಣ್ಣಗಾಗಿರಬೇಕು.

ಬಚ್ಚಲ ನೀರು, ವಾಷಿಂಗ್ ಮೆಷಿನ್ ನೀರು?

ಹಳ್ಳಿ ಮನೆಯ ಬಚ್ಚಲ ಹಿಂದೆ ಬಾಳೆ, ಕೆಸು, ಕಾಬಾಳೆ ಹೇಗೆ ಬೆಳೆಯುತ್ತಿದ್ದವು ನೆನಪಿದೆಯೇ? ಆಗ ಬಚ್ಚಲಲ್ಲಿ ಹರಿಯುತ್ತಿದ್ದುದು ಸೀಗೇಕಾಯಿ, ಕಡಲೆಹಿಟ್ಟು, ಸ್ವಲ್ಪ ಸೋಪು. ಈಗಿನ ಬಟ್ಟೆ ಪುಡಿಯಲ್ಲಿ ಸೋಡಿಯಂ ಲವಣ ಬಹಳ. ಮೆಷಿನ್ನಿನ ಮೊದಲ ನೀರು ಬೇಡ. ಕೊನೆಯ ಜಾಲಾಡಿದ ನೀರನ್ನು ನೆಲದಲ್ಲಿರುವ ಬಾಳೆ, ತೆಂಗಿಗೆ ಬಿಡಿ. ಕುಂಡಕ್ಕೆ ಬೇಡ, ಸೊಪ್ಪಿಗಂತೂ ಬೇಡವೇ ಬೇಡ.

ಮೀನಿನ ತೊಟ್ಟಿಯ ನೀರು?

ಕಣ್ಣುಮುಚ್ಚಿ ಹಾಕಿ. ಮೀನಿನ ಹೊಲಸಿನ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡಿರುತ್ತವೆ, ಗಿಡಕ್ಕೆ ಅದು ಊಟ. ಮೀನಿಗೆ ಕಾಯಿಲೆ ಬಂದು ಉಪ್ಪು, ಔಷಧಿ ಹಾಕಿದ ವಾರ ಮಾತ್ರ ಬಿಡಿ.

ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರು ತೋಟಕ್ಕೆ ಬಿಡ್ತಾರೆ. ಸರಿಯೇ?

ಸರಿಯಾಗಿ ಶುದ್ಧವಾಗಿದ್ದರೆ ಹುಲ್ಲು, ಹೂವಿನ ಗಿಡ, ಮರಗಳಿಗೆ ಒಳ್ಳೆಯದು. ಸಾರಜನಕ, ರಂಜಕ ಅದರಲ್ಲೇ ಇರುತ್ತವೆ, ಗೊಬ್ಬರ ಕಮ್ಮಿ ಸಾಕು. ನಾತ, ನೊರೆ, ಮಬ್ಬು ಬಣ್ಣ ಇದ್ದರೆ ಘಟಕ ಸರಿಯಾಗಿ ನಡೆಯುತ್ತಿಲ್ಲ ಅಂತ. ಕೊತ್ತಂಬರಿ, ಪುದೀನ, ಸೌತೆಯಂಥ ಹಸಿಯಾಗಿ ತಿನ್ನುವ ಬೆಳೆಗೆ ಹಾಕಬೇಡಿ.

ದೊಡ್ಡ ಮಟ್ಟದಲ್ಲಿ ಇದು ಕೋಲಾರದಲ್ಲಿ ನಡೆಯುತ್ತಿದೆ. 2018ರಿಂದ ಬೆಂಗಳೂರಿನ ಕೆಸಿ ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಸಂಸ್ಕರಿಸಿದ ಕೊಳಚೆ ನೀರನ್ನು ಅಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಉದ್ದೇಶ ಅಂತರ್ಜಲ ಹೆಚ್ಚಿಸುವುದು. ಬತ್ತಿದ ಕೆರೆಯಲ್ಲಿ ನೀರು ಕಂಡ ಸಂತೋಷ ದೊಡ್ಡದು. ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಅನ್ನುವ ಅಲ್ಲಿಯವರ ಬೇಡಿಕೆಯೂ ನನಗೆ ನ್ಯಾಯವಾಗಿ ಕಾಣುತ್ತದೆ.

ಗೋಡೆ ಪಕ್ಕದ ಸ್ಪೈಡರ್ ಪ್ಲಾಂಟಿನ ತುದಿ ಮಾತ್ರ ಕಂದಾಗುತ್ತದೆ. ಬೇರೆ ಗಿಡ ಚೆನ್ನಾಗಿವೆ.

ಸ್ಪೈಡರ್ ಪ್ಲಾಂಟ್, ಡ್ರಸೀನಾ ಜಾತಿಯವಕ್ಕೆ ಫ್ಲೋರೈಡ್ ಆಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅವೆರಡಕ್ಕೆ ಮಳೆ ನೀರೋ ಎಸಿ ನೀರೋ ಮೀಸಲಿಡಿ. ಆ ಊರುಗಳಲ್ಲಿ ಗಿಡಕ್ಕಿಂತ ಮೊದಲು ನೀವು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5.

ಗಡಸು ನೀರು ಕುದಿಸಿ ಆರಿಸಿ ಹಾಕಿದರೆ?

ಹಂಡೆಯ ತಳದಲ್ಲಿ ಕೂರುವ ಬಿಳಿ ಸುಣ್ಣ ನೀರಿನಿಂದ ಹೊರಬಂದದ್ದೇ, ಅಷ್ಟು ಗಡಸು ಕಮ್ಮಿಯಾಗುತ್ತದೆ. ಸೋಡಿಯಂ, ಕ್ಲೋರೈಡ್ ಅಲ್ಲೇ ಇರುತ್ತವೆ. ಸುಮ್ನೆ ಗ್ಯಾಸ್ ದಂಡ.

ಮಧ್ಯಾಹ್ನ ನೀರು ಹಾಕಬಾರದು ಅಂತಾರಲ್ಲ?

ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲಿನ ಪೈಪಿನಲ್ಲಿ ನಿಂತ ನೀರು ಕೈ ಸುಡುತ್ತದೆ. ಅದನ್ನು ನೇರ ಬೇರಿಗೆ ಬಿಡಬೇಡಿ, ಮೊದಲು ಬಕೆಟ್ಟಿಗೆ ಹಿಡಿಯಿರಿ. ಬೆಳಿಗ್ಗೆ ಹಾಕುವುದು ಒಳ್ಳೆಯದು. ಉಪ್ಪು ನೀರಾದರೆ ಎಲೆ ಮೇಲೆ ಚಿಮುಕಿಸಬೇಡಿ, ಒಣಗಿದ ಕಡೆ ಕಲೆ ನಿಲ್ಲುತ್ತದೆ.

ಮಗಳ ಶಾಲೆಯ ಪ್ರಾಜೆಕ್ಟಿಗೆ ಬೇರೆ ಬೇರೆ ನೀರಿನಲ್ಲಿ ಬೀಜ ಬೆಳೆಸಬೇಕು. ಹೇಗೆ ಮಾಡಿಸಲಿ?

ಹೆಸರುಕಾಳು ತಗೊಳ್ಳಿ. ಮಳೆ ನೀರು, ಬೋರ್‌ವೆಲ್ ನೀರು, ಆರ್‌ಒ ವೇಸ್ಟ್ ನೀರು, ಲೀಟರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿದ ನೀರು. ಒಂದೊಂದಕ್ಕೂ ಮೂರು ಕಪ್, ಕಪ್ಪಿಗೆ ಹತ್ತು ಕಾಳು. ಒಂದೇ ಕಪ್ ಇಟ್ಟರೆ ಕಾಳು ಹುಳುಕಾಗಿ ಮೊಳೆಯಲಿಲ್ಲವೋ ನೀರಿನಿಂದ ಮೊಳೆಯಲಿಲ್ಲವೋ ಗೊತ್ತಾಗುವುದಿಲ್ಲ. ಬಿಸಿಲು, ಮಣ್ಣು, ನೀರಿನ ಅಳತೆ ಎಲ್ಲ ಒಂದೇ ಇರಲಿ. ದಿನಾ ಒಂದೇ ಹೊತ್ತಿಗೆ ಸ್ಕೇಲ್ ಹಿಡಿದು ಬರೆಯಲಿ.

ಮೊದಲ ನಾಲ್ಕೈದು ದಿನ ಉಪ್ಪು ನೀರಿನ ಕಪ್ ಮಾತ್ರ ಹಿಂದೆ ಬೀಳುತ್ತದೆ, ಉಳಿದವು ಒಂದೇ ಥರ ಕಾಣುತ್ತವೆ. ಮಗು ಬೇಜಾರಾಗಬಾರದು. ಮೊಳಕೆಗೆ ಆಗ ಬೇಳೆಯೊಳಗಿನ ಬುತ್ತಿಯೇ ಸಾಕಾಗುತ್ತದೆ. ಕಡಿಮೆ ಅಂದರೂ 20 ದಿನ ಇಡಿ.

ಪಕ್ಕದ ಮನೆಯ ಹುಡುಗಿ ಇದನ್ನು ಮಣ್ಣಿಲ್ಲದೆ ಹತ್ತಿಯ ಮೇಲೆ ಮಾಡಿದಳು. ಮೂರನೇ ವಾರ ಓಡಿ ಬಂದು, ‘ಆಂಟಿ, ಬೋರ್ ನೀರಿನ ಗಿಡವೇ ಮಳೆ ನೀರಿನದ್ದಕ್ಕಿಂತ ಗಟ್ಟಿ ಇದೆ, ನೀವು ಹೇಳಿದ್ದು ಉಲ್ಟಾ ಆಯ್ತು’ ಅಂದಳು. ಅವಳು ನೋಡಿದ್ದು ಸರಿಯೇ. ಹತ್ತಿಯಲ್ಲಿ ಪೋಷಕಾಂಶ ಇಲ್ಲ, ಮಳೆ ನೀರಿನಲ್ಲೂ ಇಲ್ಲ. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಆ ಗಿಡಕ್ಕೆ ಒದಗಿ ಬಂದಿತ್ತು. ಮೂರು ವಾರದಲ್ಲಿ ಲವಣ ಕೂಡಿ ತೊಂದರೆ ಕೊಡುವಷ್ಟು ಹೊತ್ತೂ ಆಗಿರಲಿಲ್ಲ.

ಈಗ ನಾವಿಬ್ಬರೂ ಸೇರಿ ಒಂದೇ ತಾಯಿ ಗಿಡದ ಎರಡು ದಾಸವಾಳದ ಕಡ್ಡಿ ನೆಟ್ಟಿದ್ದೇವೆ. ಒಂದಕ್ಕೆ ಡ್ರಮ್ಮಿನ ನೀರು, ಇನ್ನೊಂದಕ್ಕೆ ಬೋರ್ ನೀರು, ಒಂದು ವರ್ಷ. ಭಾನುವಾರ ಬೆಳಿಗ್ಗೆ ಅವಳು ಎಲೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮೂರು ತಿಂಗಳಾಯಿತು, ಎಲೆಯ ಲೆಕ್ಕ ಇನ್ನೂ ಹೆಚ್ಚುಕಮ್ಮಿ ಒಂದೇ ಇದೆ. ಬೋರ್ ನೀರಿನ ಕುಂಡದ ಅಂಚಿನಲ್ಲಿ ಬೆರಳಗಲದ ಬಿಳಿ ಗೆರೆ ಹೋದ ವಾರ ಕಾಣಿಸಿಕೊಂಡಿತು.